ಎಲೆ ಹಾಸಿದವರಿಗೆ

ನನ್ನ ಮೈಮೇಲಿನ ಕೊನೆಯ ಗುಳ್ಳೆ ಒಣಗಿ ಈ ವಾರಕ್ಕೆ ಒಂದು ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಕೂತು ರವಿಕೆ ಹೊಲಿಯುವವಳು ನಾನು. ಆ ಕಾಯಿಲೆಯಲ್ಲಿ ನನ್ನ ಕೈ ಹಿಡಿದವರಿಗೆ ನಮಸ್ಕಾರ ಹೇಳಲು ಇದನ್ನು ಬರೆಯುತ್ತಿದ್ದೇನೆ. ಊರಿನವರ ಹೆಸರು ಬರೆಯುತ್ತಿಲ್ಲ, ಆದರೆ ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಶುರುವಾಗಿದ್ದು ಬಾಯಲ್ಲಿ. ಮೂರು ತಿಂಗಳು ಹುಣ್ಣು ಮಾಯಲಿಲ್ಲ. ಉಷ್ಣ ಅಂದರು. ಮಜ್ಜಿಗೆ, ಬಿ ಕಾಂಪ್ಲೆಕ್ಸ್ ಗುಳಿಗೆ ಎಲ್ಲಾ ಆಯಿತು. ಒಂದು ಕಾಳು ಮಂಡಕ್ಕಿ ತಾಗಿದರೂ ಕಣ್ಣಲ್ಲಿ ನೀರು. ಆಮೇಲೆ ಬೆನ್ನ ಮೇಲೆ ನೀರುಗುಳ್ಳೆ ಎದ್ದಾಗ ಸರ್ಪಸುತ್ತು ಅಂತ ಜಾಜು ಬಳಿದರು. ಬಳಿದವರು ಪ್ರೀತಿಯಿಂದಲೇ ಬಳಿದರು, ಅವರ ಮೇಲೆ ನನಗೆ ಬೇಸರವಿಲ್ಲ. ಕೊನೆಗೆ ದಂತ ಕಾಲೇಜಿನ ಒಬ್ಬ ವಿದ್ಯಾರ್ಥಿನಿ, ನನ್ನ ಸಣ್ಣ ಮಗಳ ವಯಸ್ಸಿನವಳು, ಒಸಡು ನೋಡಿ “ಆಂಟಿ, ಇದು ಹಲ್ಲಿನದಲ್ಲ, ಇವತ್ತೇ ಚರ್ಮದ ಡಾಕ್ಟರಿಗೆ ತೋರಿಸಿ” ಅಂದಳು. ಬಾಗಿಲ ತನಕ ಬಂದು ಚೀಟಿ ಕೊಟ್ಟಳು. ಮೊದಲ ನಮಸ್ಕಾರ ನಿನಗೇ, ತಾಯಿ.

ಗುಳ್ಳೆಯ ಪಕ್ಕದ ಚರ್ಮದಿಂದ ಒಂದು ಚೂರು ತೆಗೆದು ಬೆಂಗಳೂರಿಗೆ ಕಳಿಸಿದರು. ರೋಗದ ಹೆಸರು ಪೆಂಫಿಗಸ್ ವಲ್ಗಾರಿಸ್ ಅಂತ ಬಂತು. ಡಾಕ್ಟರಮ್ಮ ನನ್ನ ಕಸುಬು ಯಾವುದೆಂದು ಕೇಳಿಕೊಂಡು ಅದರಲ್ಲೇ ತಿಳಿಸಿ ಹೇಳಿದರು. ಚರ್ಮದ ಒಂದು ಜೀವಕೋಶವನ್ನು ಇನ್ನೊಂದಕ್ಕೆ ಕೂಡಿಸುವ ಟಿಚ್ ಬಟನ್ನುಗಳಿರುತ್ತವಂತೆ. ಅವುಗಳಲ್ಲಿರುವ ಒಂದು ಪ್ರೋಟೀನು ಡೆಸ್ಮೋಗ್ಲೀನ್. ರೋಗಾಣುವಿನ ಮೇಲೆ ಬೀಳಬೇಕಾದ ಪ್ರತಿಕಾಯಗಳು ನನ್ನ ಮೈಯಲ್ಲಿ ಈ ಬಟನ್ನುಗಳ ಮೇಲೇ ಬಿದ್ದಿದ್ದವು. ಬಟನ್ ಬಿಟ್ಟ ಕಡೆ ಚರ್ಮ ಸೀಳಿ ನೀರು ತುಂಬಿಕೊಳ್ಳುತ್ತಿತ್ತು. ಬಾಯಿಯ ಒಳಪದರಕ್ಕೆ ಮುಖ್ಯವಾದದ್ದು ಡೆಸ್ಮೋಗ್ಲೀನ್ 3, ಚರ್ಮದ ಮೇಲ್ಪದರಕ್ಕೆ 1. ನನಗೆ ಎರಡರ ಮೇಲೂ ಪ್ರತಿಕಾಯ ಎದ್ದಿತ್ತು.

ಅದೇ ದಿನಗಳಲ್ಲಿ ನಾಲ್ಕು ವರ್ಷದ ಮೊಮ್ಮಗನ ತೊಡೆಯ ಮೇಲೂ ಗುಳ್ಳೆಗಳೆದ್ದವು. ಅಜ್ಜಿಯದು ಮಗುವಿಗೆ ಅಂಟಿತು ಎಂದು ಓಣಿಯಲ್ಲಿ ಮಾತಾಯಿತು. ನನ್ನ ತಟ್ಟೆ ಬೇರೆ ಇಟ್ಟರು. ಮಗು “ಅಜ್ಜಿ” ಅಂತ ಓಡಿ ಬರುವುದು, ಯಾರಾದರೂ ಹಿಡಿದು ಎಳೆದುಕೊಳ್ಳುವುದು. ಆ ನೋವು ಗುಳ್ಳೆಯ ಉರಿಗಿಂತ ಹೆಚ್ಚಿತ್ತು.

ಡಾಕ್ಟರಮ್ಮ ಮನೆಯವರನ್ನೆಲ್ಲ ಕರೆಸಿ ಕೂರಿಸಿದರು. ಮಗುವಿನದು ಬುಲ್ಲಸ್ ಇಂಪೆಟಿಗೊ, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವುದು. ಆ ಬ್ಯಾಕ್ಟೀರಿಯಾ ಬಿಡುವ ವಿಷ ಕತ್ತರಿಯ ಹಾಗೆ ಡೆಸ್ಮೋಗ್ಲೀನ್ 1 ಒಂದನ್ನೇ ಕತ್ತರಿಸುತ್ತದೆ, ಅದಕ್ಕೇ ಅವನ ಬಾಯಲ್ಲಿ ಹುಣ್ಣಿಲ್ಲ. ಇಬ್ಬರಲ್ಲೂ ಬಿಚ್ಚಿದ್ದು ಬಟನ್ನೇ, ಬಿಚ್ಚಿದ ಕೈ ಬೇರೆ. ಅಜ್ಜಿಯ ರೋಗ ಯಾರಿಗೂ ಅಂಟುವುದಿಲ್ಲ, ಮಗುವಿನದು ಅಂಟುತ್ತದೆ. ಅಜ್ಜಿಯ ಹಸಿ ಚರ್ಮಕ್ಕೆ ಆ ಬ್ಯಾಕ್ಟೀರಿಯಾ ಸೇರಿದರೆ ಜೀವಕ್ಕೇ ಅಪಾಯ. “ಮಗುವನ್ನು ಅಜ್ಜಿಯಿಂದ ಕಾಪಾಡಬೇಕಿಲ್ಲ, ಅಜ್ಜಿಯನ್ನು ಕಾಪಾಡಿ” ಎಂದರು. ಅವತ್ತು ನನ್ನ ಯಜಮಾನರು ಎಲ್ಲರೆದುರು ನನ್ನ ಕೈ ಹಿಡಿದುಕೊಂಡರು. ಮಗುವಿನ ಉಗುರು ಕತ್ತರಿಸಿ, ಟವೆಲ್ ಬೇರೆ ಮಾಡಿ, ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಅವನಿಗೆ ಒಂದೇ ವಾರದಲ್ಲಿ ಗುಣವಾಯಿತು.

ನನ್ನದು ಅಷ್ಟು ಬೇಗ ಮುಗಿಯಲಿಲ್ಲ. ವಾರ್ಡಿನಲ್ಲಿ ಹಾಸಿಗೆಯ ಬಟ್ಟೆ ಬೆನ್ನಿಗೆ ಅಂಟಿ, ಎದ್ದರೆ ಚರ್ಮವೇ ಕಿತ್ತು ಬರುತ್ತಿತ್ತು. ರಾತ್ರಿ ಪಾಳಿಯ ಸಿಸ್ಟರ್ ಎಳೆ ಬಾಳೆ ಎಲೆ ತೊಳೆದು ಒರೆಸಿ ಹಾಸಿ, ಇಬ್ಬರು ಆಯಾಗಳ ಜೊತೆ ಸೇರಿ ನನ್ನನ್ನು ಮಗುವಿನಂತೆ ಅದರ ಮೇಲೆ ಮಲಗಿಸುತ್ತಿದ್ದರು. ಬಾಳೆ ಎಲೆ ಅಂಟುವುದಿಲ್ಲ, ತಂಪು ಬೇರೆ. ಗಡಿಯಾರ ಕಂಬದ ಹತ್ತಿರ ಎಲೆ ಮಾರುವ ಅಕ್ಕನಿಗೆ ವಿಷಯ ತಿಳಿದ ಮೇಲೆ ಹರಿಯದ ಎಲೆಗಳನ್ನೇ ಆರಿಸಿ ದಿನಾ ಬೆಳಿಗ್ಗೆ ತೆಗೆದಿಡುತ್ತಿದ್ದಳು. ದುಡ್ಡು ಕೊಡಲು ಹೋದರೆ “ಊಟಕ್ಕಲ್ಲ ತಗಂಡು ಹೋಗಿದ್ದು” ಅಂದು ಕೈ ಸರಿಸಿದಳಂತೆ.

ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಶುರುವಾದ ಮೇಲೆ ಮುಖ ಊದಿತು, ಸಕ್ಕರೆ ಏರಿತು. ಹೆದರಿ ಒಮ್ಮೆ ನಾನೇ ಗುಳಿಗೆ ಬಿಟ್ಟೆ, ಹತ್ತು ದಿನದಲ್ಲಿ ಎದೆಯ ತುಂಬ ಗುಳ್ಳೆ. ಈ ರೋಗ ಇರುವವರು ದಯವಿಟ್ಟು ಹಾಗೆ ಮಾಡಬೇಡಿ. ಆಮೇಲೆ ಹದಿನೈದು ದಿನದ ಅಂತರದಲ್ಲಿ ಎರಡು ಸಲ ರಿಟುಕ್ಸಿಮ್ಯಾಬ್ ಎಂಬ ಔಷಧಿಯನ್ನು ಡ್ರಿಪ್‌ನಲ್ಲಿ ಏರಿಸಿದರು. ಪ್ರತಿಕಾಯ ಮಾಡುವ ಕಣಗಳ ಸಂತತಿಯನ್ನೇ ಅದು ತಗ್ಗಿಸುತ್ತದೆ. ಅದರ ಖರ್ಚಿಗೆ ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಮ್ಮ ಸರದಿಯ ಸಾಲ ಬಿಟ್ಟುಕೊಟ್ಟರು. ಒಬ್ಬಾಕೆ ಮಗನ ಫೀಸಿಗೆ ಕೂಡಿಸಿಟ್ಟದ್ದೂ ಅದರಲ್ಲಿತ್ತು. ಅದನ್ನು ತೀರಿಸಿದ್ದೇನೆ, ಋಣ ತೀರಿಲ್ಲ.

ಇನ್ನು ನಾನು ಕಾಣದವರು. 1950ರ ದಶಕದಲ್ಲಿ ಸ್ಟೀರಾಯ್ಡ್ ಬಳಕೆಗೆ ಬರುವ ಮೊದಲು ಈ ರೋಗ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲವಂತೆ. 1980ರ ದಶಕದಲ್ಲಿ ದಿಲ್ಲಿಯ ಏಮ್ಸ್‌ನಲ್ಲಿ ಡಾ. ಜೆ.ಎಸ್. ಪಸ್ರೀಚ ಅವರು ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಔಷಧಿ ಕೊಡುವ ಕ್ರಮ ತಂದು ನಮ್ಮ ದೇಶದಲ್ಲಿ ಎಷ್ಟೋ ಮಂದಿಯನ್ನು ಉಳಿಸಿದರು. ಮೊಮ್ಮಗನ ಗುಳ್ಳೆಯ ಆ ಕತ್ತರಿ ಕತ್ತರಿಸುವುದು ಯಾವ ಬಟನ್ನನ್ನು ಎಂದು 2000ರಲ್ಲಿ ಪತ್ತೆ ಮಾಡಿದ್ದು ಜಪಾನಿನ ಮಸಾಯುಕಿ ಅಮಗಾಯಿ ಮತ್ತು ಅವರ ಸಂಗಡಿಗರು. ಈ ಹೆಸರುಗಳನ್ನು ಡಾಕ್ಟರಮ್ಮನ ಬಾಯಲ್ಲಿ ಹೇಳಿಸಿ, ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಮತ್ತೆ ಬರಬಹುದು ಎಂದಿದ್ದಾರೆ. ತಪಾಸಣೆಗೆ ಹೋಗುತ್ತಿದ್ದೇನೆ. ಮೊಮ್ಮಗ ಈಗ ನನ್ನ ತೊಡೆಯ ಮೇಲೇ ತಲೆಯಿಟ್ಟು ಮಲಗುತ್ತಾನೆ. ಎಲೆ ಮಾರುವ ಅಕ್ಕಾ, ನಿಮ್ಮ ರವಿಕೆ ಹೊಲಿದಾಗಿದೆ, ತೋಳು ನೀವು ಹೇಳಿದಷ್ಟೇ ಉದ್ದ ಇಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ನಾನೇ ತರುತ್ತೇನೆ.