ಹಗ್ಗ ಹಿಡಿದವನ ಕೈ ನೋಡು

ಶಿವಮೊಗ್ಗ

ಚಿರಂಜೀವಿ ಪುಟ್ಟೂಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಮೆಸೇಜು ನೋಡಿದೆ. "ಮಾವ, ನೀವು ಹೇಳಿದ ಜಪಾನ್ ಕುಸ್ತಿ ನೋಡ್ದೆ. ಇಬ್ರೂ ನೆಲದ ಮೇಲೆ ಹೊರಳಾಡ್ತಾರೆ, ಒಬ್ಬ ಹಗ್ಗ ಹಿಡ್ಕೋತಾನೆ, ಎದ್ದು ನಿಲ್ತಾರೆ, ಮತ್ತೆ ಹೊರಳಾಟ. ಅದೂ ಎಲ್ಲ ಫಿಕ್ಸ್ ಅಂತೆ. ಏನಿದೆ ಅದ್ರಲ್ಲಿ?" ಅಂತ ಕೇಳಿದ್ದೀಯ. ಹೆಬ್ಬೆರಳಲ್ಲಿ ಕುಟ್ಟಿ ಕಳಿಸುವಂಥ ಉತ್ತರ ಅಲ್ಲ ಇದು, ಅದಕ್ಕೇ ಕಾಗದ. ಊಟ ಮುಗಿಸಿ, ಆ ಲ್ಯಾಪ್‌ಟಾಪು ಮುಚ್ಚಿಟ್ಟು ಓದು.

ನೀನು ನೋಡಿದ್ದಕ್ಕೆ ಶೂಟ್ ಸ್ಟೈಲ್ ಅಂತ ಹೆಸರು, ನಿಜದ ಸೆಣಸಾಟದ ಹಾಗೆಯೇ ಕಾಣುವಂತೆ ಆಡುವ ವೃತ್ತಿಪರ ಕುಸ್ತಿ. ಮೊದಲು ಫಿಕ್ಸ್ ಮಾತು ಮುಗಿಸಿಬಿಡೋಣ. ಹೌದು, ಬಹುಪಾಲು ಪಂದ್ಯಗಳಲ್ಲಿ ಯಾರು ಗೆಲ್ಲಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಅದರಿಂದೇನಾಯಿತು? ಅಜ್ಜನ ಮನೆ ಜಗಲಿಯಲ್ಲಿ ತಾಳಮದ್ದಳೆ ಕೇಳಿ ಬೆಳೆದವನು ನೀನು. ವಾಲಿ ಸಾಯುತ್ತಾನೆ ಅಂತ ಅಲ್ಲಿ ಕೂತವರಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೂ ಬಾಣ ತಿಂದು ಬಿದ್ದವನು ರಾಮನನ್ನು ಏನು ಕೇಳುತ್ತಾನೆ, ರಾಮ ಯಾವ ಮಾತಿನಿಂದ ಬಿಡಿಸಿಕೊಳ್ಳುತ್ತಾನೆ ಅಂತ ಕೇಳುವುದಕ್ಕೆ ಜನ ಬೆಳಗಿನ ತನಕ ಕದಲುತ್ತಿರಲಿಲ್ಲ. ಪ್ರಸಂಗ ಮೊದಲೇ ಬರೆದಿಟ್ಟದ್ದು, ಅರ್ಥ ಮಾತ್ರ ಅರ್ಥಧಾರಿಯದು. ಇಲ್ಲಿಯೂ ಅಷ್ಟೇ. ಸೋಲು ಗೆಲುವು ಪ್ರಸಂಗ, ಹಾಕುವ ಪಟ್ಟು ಅರ್ಥಗಾರಿಕೆ.

ನಾಟಕ ಬೇಡ, ನಿಜದ್ದೇ ಬೇಕು ಅಂದವರು ಅದನ್ನೂ ಮಾಡಿ ತೋರಿಸಿದ್ದಾರೆ. ಮಸಕಾತ್ಸು ಫುನಾಕಿ, ಮಿನೊರು ಸುಜುಕಿ ಇಬ್ಬರೂ ಇದೇ ಬಳಗದ ಹುಡುಗರು. 1993ರ ಸೆಪ್ಟೆಂಬರಿನಲ್ಲಿ ಪ್ಯಾಂಕ್ರೇಸ್ ಅಂತ ಒಂದು ಸಂಸ್ಥೆ ಶುರು ಮಾಡಿ ನಿಜವಾಗಿಯೇ ಸೆಣಸಿದರು. ಮೊದಲ ದಿನದ ಐದು ಪಂದ್ಯಗಳೂ ಸೇರಿ ಸುಮಾರು 13 ನಿಮಿಷಕ್ಕೆ ಮುಗಿದುಹೋದವು. ದುಡ್ಡು ಕೊಟ್ಟು ಬಂದವರು ಕೂತ ಕುರ್ಚಿ ಬಿಸಿಯಾಗಿತ್ತೋ ಇಲ್ಲವೋ. ಅದಕ್ಕೂ ಅದರದ್ದೇ ಬೆಲೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕತೆ ಬೇಕು ಅಂದರೆ ಒಂದು ಪಟ್ಟು ಬಿಗಿಯಾಗುವುದಕ್ಕೂ ಸಡಿಲವಾಗುವುದಕ್ಕೂ ನಡುವೆ ಯಾರಾದರೂ ಜಾಗ ಮಾಡಿಕೊಡಬೇಕು. ಶೂಟ್ ಸ್ಟೈಲ್ ಪೈಲ್ವಾನರ ಕಸುಬು ಆ ಜಾಗ ಮಾಡುವುದು.

ಈ ಕಸುಬಿನ ಬೇರು ಕೇಳಿದರೆ ನಿನಗೆ ಖುಷಿಯಾದೀತು. ಕಾರ್ಲ್ ಗಾಚ್ ಅಂತ ಒಬ್ಬನಿದ್ದ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 1924ರಲ್ಲಿ ಹುಟ್ಟಿದವನು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕುಸ್ತಿ ಆಡಿದವನು. ಆಮೇಲೆ ಇಂಗ್ಲೆಂಡಿನ ಗಣಿ ಊರು ವಿಗನ್‌ಗೆ ಹೋಗಿ ಬಿಲ್ಲಿ ರೈಲಿಯ ಗರಡಿಯಲ್ಲಿ ಕೈಕಾಲು ಮುರಿಯುವ ಪಟ್ಟುಗಳನ್ನು ಕಲಿತ. ಜಪಾನಿನವರು ಅವನನ್ನು ಕುಸ್ತಿಯ ದೇವರು ಅಂತಲೇ ಕರೆಯುತ್ತಿದ್ದರು. ಅವನು ಅಲ್ಲಿನ ಹುಡುಗರಿಂದ ನೂರುಗಟ್ಟಲೆ ಮಾಡಿಸುತ್ತಿದ್ದ 'ಹಿಂದೂ ಸ್ಕ್ವಾಟ್', 'ಹಿಂದೂ ಪುಶ್‌ಅಪ್' ಅಂದರೆ ಬೇರೇನೂ ಅಲ್ಲ ಕಣೋ, ನಮ್ಮ ಗರಡಿಯ ಬಸ್ಕಿ, ದಂಡ. ನಿನ್ನ ತಾತ ಬೆಳಗಿನ ಜಾವ ಕೋಟೆ ಹತ್ತಿರದ ಗರಡಿಯಲ್ಲಿ ಹೊಡೆಯುತ್ತಿದ್ದದ್ದೂ ಅದನ್ನೇ. ನೀನು ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಜಿಮ್‌ಗೆ ಹೋಗುವವನು, ಅದನ್ನೂ ಸ್ವಲ್ಪ ಮಾಡಿ ನೋಡು. ಮಂಡಿ ಹಿಡಿದುಕೊಂಡರೆ ನನ್ನನ್ನು ಬೈಯಬೇಡ.

ಗಾಚ್‌ನ ಶಿಷ್ಯರಿಂದ 1984ರಲ್ಲಿ ಯುಡಬ್ಲ್ಯುಎಫ್ ಅನ್ನುವ ಕುಸ್ತಿ ಸಂಸ್ಥೆ ಹುಟ್ಟಿತು. ಅಕಿರಾ ಮಾಯೆದಾ, ಯೋಶಿಯಾಕಿ ಫುಜಿವಾರಾ, ನೊಬುಹಿಕೊ ತಕಾದಾ, ಟೈಗರ್ ಮಾಸ್ಕ್ ಆಗಿ ಹೆಸರು ಮಾಡಿದ್ದ ಸತೊರು ಸಯಾಮಾ ಎಲ್ಲ ಅದರಲ್ಲಿದ್ದರು. ಮರುವರ್ಷವೇ ಅದು ಮುಚ್ಚಿತು. ಮಾಯೆದಾ ಮತ್ತು ಇನ್ನು ಕೆಲವರು ಹಳೆಯ ಮನೆ, ನ್ಯೂ ಜಪಾನ್ ಅನ್ನುವ ಕುಸ್ತಿ ಸಂಸ್ಥೆಗೇ ವಾಪಸಾದರು. ಅಲ್ಲಿ 1987ರ ನವೆಂಬರಿನಲ್ಲಿ ಮಾಯೆದಾ, ಇನ್ನೊಬ್ಬನಿಗೆ ಪಟ್ಟು ಹಾಕಿಕೊಂಡು ನಿಂತಿದ್ದ ರಿಕಿ ಚೋಶುವಿನ ಮುಖಕ್ಕೆ ಹಿಂದಿನಿಂದ ಒದ್ದು ಕಣ್ಣಿನ ಗುಳಿಯ ಮೂಳೆ ಮುರಿದ. ಅಮಾನತು ಮಾಡಿದರು, ಆಮೇಲೆ ಕೆಲಸದಿಂದಲೇ ತೆಗೆದರು. 1988ರ ಮೇ ತಿಂಗಳಲ್ಲಿ ಅವನು ಟೋಕಿಯೋದ ಕೊರಾಕುಯೆನ್ ಹಾಲ್‌ನಲ್ಲಿ ಯುಡಬ್ಲ್ಯುಎಫ್‌ಗೆ ಮತ್ತೆ ಜೀವ ಕೊಟ್ಟ. ಮರುವರ್ಷ ಟೋಕಿಯೋ ಡೋಮ್ ತುಂಬಿಸುವಷ್ಟು ಜನ. ಅದೂ ಒಡೆದು ಮೂರಾಯಿತು: ಮಾಯೆದಾನ ರಿಂಗ್ಸ್, ತಕಾದಾನ ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್, ಫುಜಿವಾರಾನ ಫುಜಿವಾರಾ ಗುಮಿ. ಪಾಲಾಗದ ಮನೆ ಯಾವ ದೇಶದಲ್ಲಿದೆ ಹೇಳು.

ಇನ್ನು ಹಗ್ಗದ ವಿಷಯ. ನಿನಗೆ ಬೇಸರ ತರಿಸಿದ್ದು ಅದೇ ತಾನೆ? ಬೇರೆ ಕಡೆಯ ವೃತ್ತಿಪರ ಕುಸ್ತಿಯಲ್ಲಿ ಹಗ್ಗ ಮುಟ್ಟಿದರೆ ರೆಫರಿ ಪಟ್ಟು ಬಿಡಿಸುತ್ತಾನೆ, ಪುಕ್ಕಟೆ. ಇಲ್ಲಿ ಪುಕ್ಕಟೆ ಇಲ್ಲ. ಯುಡಬ್ಲ್ಯುಎಫ್ ಇಂಟರ್‌ನ್ಯಾಷನಲ್‌ನಲ್ಲಿ ಒಂಟಿ ಪಂದ್ಯಕ್ಕೆ ಇಳಿದ ಪ್ರತಿಯೊಬ್ಬನಿಗೂ 15 ಅಂಕ ಇರುತ್ತಿತ್ತು. ಹಗ್ಗ ಹಿಡಿದರೆ ಒಂದು ಹೋಯಿತು. ಎತ್ತಿ ಹಿಂದಕ್ಕೆ ಒಗೆಸಿಕೊಂಡರೆ ಒಂದು. ಏಟು ತಿಂದು ನೆಲಕ್ಕೆ ಬಿದ್ದರೆ ಮೂರು. ಸೊನ್ನೆಗೆ ಇಳಿದರೆ ಸೋಲು. ಬೆನ್ನು ನೆಲಕ್ಕೆ ತಾಗಿಸಿ ಎಣಿಸುವ ಗೆಲುವು ಇರಲೇ ಇಲ್ಲ. ಹಗ್ಗದಿಂದ ಹಗ್ಗಕ್ಕೆ ಓಡುವುದು, ಕಂಬ ಹತ್ತಿ ಹಾರುವುದು, ಅದೂ ಇರಲಿಲ್ಲ. ರಿಂಗ್ಸ್‌ನ ಲೆಕ್ಕ ಬೇರೆಯಾದರೂ ಅಲ್ಲಿಯೂ ಹಗ್ಗಕ್ಕೆ ಬೆಲೆ ತೆರಲೇಬೇಕಿತ್ತು.

ಈಗ ಯೋಚನೆ ಮಾಡು. ಒಬ್ಬನ ತೋಳು ಸಿಕ್ಕಿಬಿದ್ದಿದೆ. ಹಗ್ಗ ಒಂದು ಮೊಳ ದೂರ. ಕೈಯಲ್ಲಿ 12 ಅಂಕ ಇರುವವನು ಹಾಯಾಗಿ ಕಾಲು ಚಾಚುತ್ತಾನೆ, ಒಂದು ಹೋದರೆ ಹೋಯಿತು. ಎರಡೇ ಉಳಿದವನು? ನೋವು ನುಂಗಿಕೊಂಡು ಬೇರೆ ದಾರಿ ಹುಡುಕುತ್ತಾನೆ. ಪಟ್ಟು ಎರಡು ಸಲವೂ ಅದೇ, ತೋಳೂ ಅದೇ, ಆದರೆ ಆ ಮನುಷ್ಯನ ಪರಿಸ್ಥಿತಿ ಬದಲಾಗಿದೆ. ಅದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಹಗ್ಗದ ಕಡೆ ಹೋದ ಕೈ ಅರ್ಧಕ್ಕೆ ನಿಂತು ಹಿಂದಕ್ಕೆ ಬರುವುದನ್ನು ನೀನೇ ನೋಡಬೇಕು. ಜಪಾನಿನ ಪ್ರೇಕ್ಷಕರು ಪಟ್ಟು ನಡೆಯುತ್ತಿರುವಾಗ ಉಸಿರು ಬಿಗಿಹಿಡಿದು ಕೂತು, ಬೆರಳು ಹಗ್ಗಕ್ಕೆ ತಾಗಿದ ತಕ್ಷಣ ಹೋ ಎನ್ನುತ್ತಾರಲ್ಲ, ಅವರು ಲೆಕ್ಕ ಇಟ್ಟುಕೊಂಡು ಕೂತಿರುತ್ತಾರೆ. ನೀನೋ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತೀಯ ಅಂತ ನಿನ್ನಮ್ಮ ಹೇಳಿದಳು. ಆ ಚಟ ಬಿಡು. ಈ ಕುಸ್ತಿಯಲ್ಲಿ ಏನೂ ಆಗುತ್ತಿಲ್ಲ ಅನ್ನಿಸುವ ಹೊತ್ತಲ್ಲೇ ಎಲ್ಲ ಆಗುತ್ತಿರುತ್ತದೆ.

ನೆಲದ ಪಟ್ಟು ನೋಡುವಾಗ ಮೇಲಿರುವವನನ್ನು ಬಿಟ್ಟು ಕೆಳಗೆ ಸಿಕ್ಕಿದವನನ್ನು ನೋಡು. ಆರ್ಮ್‌ಬಾರ್ ಅಂದುಕೋ, ತೋಳನ್ನು ನೀಟಾಗಿ ಚಾಚಿಸಿ ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಪಟ್ಟು. ಕೆಳಗಿನವನು ಎರಡೂ ಕೈಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿ ತೋಳು ಕಾಯುತ್ತಾನೆ. ಮೇಲಿನವನು ಆ ಕೊಕ್ಕೆ ಬಿಡಿಸಬೇಕು, ಅದಕ್ಕೆ ತನ್ನ ಭಾರ ಅತ್ತ ಹಾಕಬೇಕು. ಭಾರ ಸರಿದ ಗಳಿಗೆಯಲ್ಲೇ ಕೆಳಗಿನವನು ಒಳಕ್ಕೆ ಹೊರಳಿ ಮಂಡಿಯೂರುತ್ತಾನೆ. ತೋಳು ಬಚಾವಾಯಿತು. ಆದರೆ ಮಂಡಿಯೂರಿದ್ದರಿಂದ ಕಾಲು ಮೇಲಿನವನ ಕೈಗೆ ಸಿಕ್ಕಿತು. ಒಳ್ಳೆಯ ಪೈಲ್ವಾನರು ಹತ್ತು ನಿಮಿಷ ಹೀಗೇ ಒಂದು ತಾಪತ್ರಯದಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತ ಹೋಗುತ್ತಾರೆ. ಸಾಧಾರಣದವರು ಪಟ್ಟು ಹಾಕುತ್ತಾರೆ, ಬಿಡುತ್ತಾರೆ, ಮತ್ತೆ ಮೊದಲಿಂದ ಶುರು. ವ್ಯತ್ಯಾಸ ನಾಲ್ಕು ಪಂದ್ಯ ನೋಡಿದರೆ ತಾನಾಗೇ ತಿಳಿಯುತ್ತದೆ.

ಇದರಲ್ಲಿ ನನಗೆ ಎಲ್ಲರಿಗಿಂತ ಮೇಲೆ ಕಾಣುವವನು ವೋಲ್ಕ್ ಹಾನ್. ರಷ್ಯಾದ ದಾಗೆಸ್ತಾನಿನವನು, ಸಾಂಬೋ ಅನ್ನುವ ರಷ್ಯನ್ ಕುಸ್ತಿಯ ಪಟು, 1991ರ ಕೊನೆಯಲ್ಲಿ ಮಾಯೆದಾನ ಎದುರು ರಿಂಗ್ಸ್‌ಗೆ ಇಳಿದ. ನಿಂತಲ್ಲೇ ಎದುರಾಳಿಯ ಮಣಿಕಟ್ಟು ಹಿಡಿದು ಒಂದು ಸುತ್ತು ತಿರುಗಿದ ಅಂದರೆ ಇಬ್ಬರೂ ನೆಲದ ಮೇಲೆ, ಎದುರಾಳಿಯ ಹಿಮ್ಮಡಿ ಅವನ ಕಂಕುಳಲ್ಲಿ. ಅದು ಅಲ್ಲಿಗೆ ಹೇಗೆ ಹೋಯಿತು ಅಂತ ಮೂರು ಸಲ ಹಿಂದಕ್ಕೆ ಓಡಿಸಿ ನೋಡಬೇಕಾಗುತ್ತದೆ. ಇಂಥವನ ಎದುರಿಗೆ ಕಿಯೋಶಿ ತಮುರಾ. ಕೆಂಪು ಚಡ್ಡಿಯ ಹಠಮಾರಿ ಅಂತಲೇ ಅವನಿಗೆ ಹೆಸರು. ತಕಾದಾನ ಬಳಗ ದುಡ್ಡಿನ ತಾಪತ್ರಯಕ್ಕೆ ನ್ಯೂ ಜಪಾನ್ ಜೊತೆ ಕೈ ಜೋಡಿಸಿದಾಗ ತಾನು ಆ ಪಂದ್ಯಗಳಿಗೆ ಇಳಿಯುವುದಿಲ್ಲ ಅಂತ ಕೂತವನು, 1996ರಲ್ಲಿ ರಿಂಗ್ಸ್‌ಗೆ ಬಂದ. ಅವರಿಬ್ಬರೂ 1996, 97ರಲ್ಲಿ ಆಡಿದ ಪಂದ್ಯಗಳನ್ನು ನೋಡು. ಹಾನ್ ಬಲೆ ಹಾಸಿ ಕಾಯುತ್ತಾನೆ. ತಮುರಾಗೆ ವೇಗ ಇದೆ, ಬಲೆಗೆ ಕಾಲಿಟ್ಟೂ ಮುಚ್ಚುವುದರೊಳಗೆ ಹಾರಿ ಬರಬಲ್ಲೆ ಅನ್ನುವ ಜಂಬವೂ ಇದೆ. ಕತೆ ಅಷ್ಟೇ, ಆದರೆ ಪ್ರತಿ ಸಲ ಆ ಜಂಬಕ್ಕೆ ಬೀಳುವ ಪೆಟ್ಟು ಬೇರೆ ಕಡೆಯಿಂದ ಬರುತ್ತದೆ.

ಪಟ್ಟುಗಳೂ ನಾಟಕದ್ದೇ ಇರಬೇಕು ಅಂದುಕೊಳ್ಳಬೇಡ. ಹಾನ್ ನಲವತ್ತರ ಹೊಸ್ತಿಲಲ್ಲಿ, 2001ರಲ್ಲಿ, ಬ್ರೆಜಿಲ್‌ನ ನೊಗುಯೆರಾ ಎದುರು ನಿಜವಾದ ಪಂದ್ಯ ಆಡಿ, ಸೋತರೂ ಕೊನೆಯ ತನಕ ಪಟ್ಟಿಗೆ ಬಗ್ಗದೆ ನಿಂತ. ತಕಾದಾನ ಬಳಗದಲ್ಲಿ ವಿಗನ್ನಿನ ಅದೇ ಗರಡಿಯಲ್ಲಿ ಪಳಗಿದ ಬಿಲ್ಲಿ ರಾಬಿನ್ಸನ್ ಕೈಯಲ್ಲಿ ಕಲಿತ ಕಜುಶಿ ಸಕುರಾಬಾ, 2000ದ ಮೇ 1ರಂದು ಬ್ರೆಜಿಲ್‌ನ ಜುಜುತ್ಸು ಪಟು ರಾಯ್ಸ್ ಗ್ರೇಸಿಯನ್ನು ನಿಜವಾದ ಪಂದ್ಯದಲ್ಲೇ 90 ನಿಮಿಷ ಕಾಡಿ ಗೆದ್ದ.

ಆದರೆ ಕತೆ ಕಟ್ಟುವ ಜಾಣತನಕ್ಕೆ ನಾನು ತೋರಿಸುವ ಪಂದ್ಯ 1995ರ ಅಕ್ಟೋಬರ್ 9ರದ್ದು. ಟೋಕಿಯೋ ಡೋಮ್, 67,000 ಜನ ಅಂತ ಘೋಷಿಸಿದ್ದರು. ತಕಾದಾ ಎದುರು ನ್ಯೂ ಜಪಾನ್‌ನ ಕೇಜಿ ಮುತೋ. ಆಗ ನ್ಯೂ ಜಪಾನ್‌ನಲ್ಲಿ ಯಾರು ಹೇಗೆ ಗೆಲ್ಲಬೇಕು ಅಂತ ತೀರ್ಮಾನಿಸಿ ಪಂದ್ಯ ಕಟ್ಟುತ್ತಿದ್ದವನು ಯಾರು ಗೊತ್ತೇ? ಕಣ್ಣಿಗೆ ಒದೆಸಿಕೊಂಡ ಅದೇ ಚೋಶು. ತಕಾದಾನ ಬಲ ಇರುವುದು ಒದೆಯಲ್ಲಿ. ಮುತೋ ಆ ಒದೆಯುವ ಕಾಲನ್ನೇ ಹಿಡಿದು ತಿರುಗಿ ಮಂಡಿ ತಿರುಚಿ ಕೆಡವಿದ, ಎದ್ದರೆ ಮತ್ತೆ ಅದೇ. ಕೊನೆಗೆ ಹಾಕಿದ್ದು ಫಿಗರ್ ಫೋರ್, ಎರಡೂ ಕಾಲು ನಾಲ್ಕರ ಆಕಾರಕ್ಕೆ ಕಟ್ಟುವ ಹಳೇ ಕಾಲದ ಪಟ್ಟು. ಅಂಥದ್ದೆಲ್ಲ ತೋರಿಕೆಗೆ, ನಿಜವಾಗಿ ಸೆಣಸುವವನಿಗೆ ತಾಗುವುದಿಲ್ಲ ಅನ್ನುವ ಹಮ್ಮಿನ ಮೇಲೇ ತಕಾದಾನ ಬಳಗ ನಿಂತಿತ್ತು. ಅದಕ್ಕೇ ತಕಾದಾ ಕೈ ಚೆಲ್ಲಿದ. ಅವನ ಅಭಿಮಾನಿಗಳಿಗೆ ಸೋಲಿಗಿಂತ ಸೋತ ಬಗೆ ಉರಿಯಿತು. ಒಂದೇ ಒಂದು ಪಟ್ಟಿನ ಆಯ್ಕೆಯಿಂದ ಒಂದು ಸಂಸ್ಥೆಯ ಮಾನ ಕಳೆಯಬಹುದು ಅಂತ ಚೋಶುವಿಗೆ ಗೊತ್ತಿತ್ತು. ನ್ಯಾಯವೋ ಅನ್ಯಾಯವೋ, ಕಸುಬು ಬಲ್ಲವನ ಸೇಡು ಅದು. ಮರುವರ್ಷದ ಕೊನೆಗೆ ತಕಾದಾನ ಸಂಸ್ಥೆ ಬಾಗಿಲು ಹಾಕಿತು.

ಬ್ಯಾಟ್ಲಾರ್ಟ್ಸ್ ಅಂತ ಯುಕಿ ಇಶಿಕಾವಾ 1996ರಲ್ಲಿ ಕಟ್ಟಿದ ಬಳಗವೂ ಇದೇ ವಂಶದ್ದು. ಇಶಿಕಾವಾ, ದೈಸುಕೆ ಇಕೆದಾ ಒಬ್ಬರನ್ನೊಬ್ಬರು ಬಡಿಯುವ ಸದ್ದು ನಿನ್ನ ವಯಸ್ಸಿನವರಿಗೆ ಬೇಗ ಹಿಡಿಸುತ್ತದೆ. ಅಲ್ಲಿಂದ ಮಾತ್ರ ಶುರು ಮಾಡಬೇಡ, ಏಟಿನ ರುಚಿ ಹತ್ತಿದರೆ ಪಟ್ಟು ಸಪ್ಪೆ ಅನ್ನಿಸೀತು. ಮೊದಲು ಫುಜಿವಾರಾ ಮತ್ತು ಸಯಾಮಾ 1984, 85ರಲ್ಲಿ ಆಡಿದ್ದನ್ನು ನೋಡು. ಒಬ್ಬನಿಗೆ ಒದೆ ಬರುತ್ತದೆ, ಇನ್ನೊಬ್ಬನಿಗೆ ಪಟ್ಟು ಬರುತ್ತದೆ, ದೂರ ಇದ್ದರೆ ಇವನದ್ದು, ಹತ್ತಿರ ಬಂದರೆ ಅವನದ್ದು. ಫುಜಿವಾರಾ ಒದೆ ತಿನ್ನುತ್ತಲೇ ಹತ್ತಿರ ಸರಿಯುವುದನ್ನು ಗಮನಿಸು. ಆಮೇಲೆ ಮುತೋ, ತಕಾದಾ. ಆಮೇಲೆ ಹಾನ್.

1998ರ ಜೂನ್‌ನಲ್ಲಿ ತಮುರಾ ಮತ್ತು ತ್ಸುಯೋಶಿ ಕೊಹ್ಸಾಕಾ ಪೂರ್ತಿ 30 ನಿಮಿಷ ಆಡಿ ಡ್ರಾ ಮಾಡಿಕೊಂಡ ಪಂದ್ಯ ಒಂದಿದೆ, ಅದನ್ನು ಈಗಲೇ ಮುಟ್ಟಬೇಡ. ನಾನು ದೀಪಾವಳಿಗೆ ಬೆಂಗಳೂರಿಗೆ ಬರುತ್ತೇನಲ್ಲ, ಆಗ ಜೊತೆಗೆ ಕೂತು ನೋಡೋಣ. ನಡುವೆ ಫೋನ್ ತೆಗೆದರೆ ಎದ್ದು ಹೋಗುತ್ತೇನೆ, ಈಗಲೇ ಹೇಳಿದ್ದೇನೆ.

ಅಕ್ಕನ ಮಂಡಿನೋವು ಹೇಗಿದೆ ಬರೆ. ಭಾವನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ