ನೇತ್ರಾಣಿಗೆ ಬರೋರು ಫಾರ್ಮ್ ಈಗ್ಲೇ ಓದಿ
ಎಲ್ರಿಗೂ ನಮಸ್ಕಾರ, ಭಾನುವಾರ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಬರೋರು ಮೆಡಿಕಲ್ ಫಾರ್ಮ್ ಇವತ್ತೇ ಓದಿ ತುಂಬಿ, ಬೋಟ್ ಹತ್ತೋ ಗಡಿಬಿಡೀಲಿ ಎಲ್ಲದಕ್ಕೂ ಇಲ್ಲ ಇಲ್ಲ ಅಂತ ಟಿಕ್ ಹಾಕ್ಬೇಡಿ ದಯವಿಟ್ಟು. ಅಸ್ತಮಾ, ಫಿಟ್ಸ್, ಹಾರ್ಟ್ ತೊಂದ್ರೆ, ಕಿವಿ ಆಪರೇಷನ್ ಏನಾದ್ರೂ ಇದ್ರೆ ಮೊದ್ಲು ಡಾಕ್ಟರಿಗೆ ತೋರ್ಸಿ ಸಹಿ ಹಾಕಿಸ್ಕೊಂಡೇ ಬನ್ನಿ, ಬಸುರಿಯರು ಇಳಿಯೋದೇ ಬೇಡ.

ನಾವು ಕಾರವಾರದವ್ರು, ಈಜು ಬರುತ್ತೆ, ಸಮುದ್ರ ಹೊಸದಲ್ಲ, ಎಲ್ಲ ನಿಜ, ಆದ್ರೆ 10 ಮೀಟರ್ ಕೆಳಗೆ ಒತ್ತಡ ಮೇಲಿಗಿಂತ ಡಬಲ್, ಅಲ್ಲಿ ಸಿಲಿಂಡರಿಂದ ಎಳ್ಕೊಂಡ ಗಾಳಿ ಮೇಲೆ ಬರ್ತಾ ಹಿಗ್ಗುತ್ತೆ, ಅಸ್ತಮಾದಿಂದ ಶ್ವಾಸನಾಳ ಬಿಗಿದು ಆ ಗಾಳಿ ಒಳಗೇ ಸಿಕ್ಕಾಕ್ಕೊಂಡ್ರೆ ಶ್ವಾಸಕೋಶ ಹರೀಬಹುದು.

ನೆಗಡಿ ಇದ್ರೂ ಹೇಳಿ. ಮೂಗು ಕಟ್ಟಿದ್ರೆ ಕಿವಿಯ ಒತ್ತಡ ಸರಿಮಾಡ್ಕೊಳ್ಳೋಕೆ ಆಗಲ್ಲ, ಮಾತ್ರೆ ನುಂಗಿ ಇಳಿದ್ರೆ ಅದರ ಪವರ್ ನೀರೊಳಗೇ ಮುಗಿದು ಹೋಗ್ಬಹುದು. ನನ್ನ ತಮ್ಮ ಹೀಗೇ ನೆಗಡಿ ಮುಚ್ಚಿಟ್ಟು ಇಳಿದು ಕಿವಿ ಪರದೆ ಹರ್ಕೊಂಡ, ಎಷ್ಟು ಒದ್ದಾಡಿದ ಅಂತ ಕಣ್ಣಾರೆ ನೋಡಿದೀನಿ.

ಮತ್ತೆ ಸೋಮವಾರ ಬೆಳಿಗ್ಗೆ ಗೋವಾದಿಂದ ಫ್ಲೈಟ್ ಇರೋರು ಟಿಕೆಟ್ ಮುಂದೆ ಹಾಕ್ಕೊಳ್ಳಿ, ಎರಡು ಡೈವ್ ಮಾಡಿದ್ರೆ ಫ್ಲೈಟ್ ಹತ್ತೋಕೆ ಮುಂಚೆ ಕಡಿಮೆ ಅಂದ್ರೂ 18 ತಾಸು ಬಿಡ್ಬೇಕು. ಹಣ ಕೊಟ್ಟಾಗಿದೆ ಅಂತ ಯೋಚ್ನೆ ಮಾಡ್ಬೇಡಿ, ಡಾಕ್ಟರ್ ಬೇಡ ಅಂದ್ರೆ ನಿಮ್ಮ ಪಾಲು ನಾನು ವಾಪಸ್ ಕೊಡ್ತೀನಿ.