ಕರಪತ್ರ ಹಂಚುವವರು ಬೆಳಗ್ಗೆ ಆರಕ್ಕೆ ಬರಲಿ

ಸಂಪಾದಕರೇ,

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಹದಿನಾಲ್ಕು ವರ್ಷದಿಂದ ಪಹಣಿ, ಅರ್ಜಿ, ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಎಲ್ಲ ನನ್ನ ಕೈದಾಟಿಯೇ ಹೋಗುತ್ತವೆ. ಹಾಗಾಗಿ ಊರಲ್ಲಿ ಯಾರು ಯಾವ ಜಾಗೃತಿ ಮಾಡಲು ಹೊರಟಿದ್ದಾರೆ ಅಂತ ನನಗೆ ಜಾಥಾ ಹೊರಡುವ ಮೊದಲೇ ಗೊತ್ತಾಗುತ್ತದೆ.

ಹೋದ ಬೇಸಿಗೆಯಲ್ಲಿ ಒಂದೇ ವಾರ ಎರಡು ಗುಂಪು ಬಂದವು. ಮೊದಲು ಬಂದವರು ಕಾಲೇಜು ಹುಡುಗರು. ಹವಾಮಾನ ಬದಲಾವಣೆ ಬಗ್ಗೆ ಸಾವಿರ ಕರಪತ್ರ ಬೇಕು ಅಂದರು. ಮೇಲ್ಗಡೆ ಕರಗುವ ಮಂಜುಗಡ್ಡೆ, ಅದರ ಮೇಲೊಂದು ಹಿಮಕರಡಿ. ಕೆಳಗೆ ‘ಹಸಿರುಮನೆ ಅನಿಲಗಳ ಹೊರಸೂಸುವಿಕೆ ತಗ್ಗಿಸೋಣ’. ಕೊನೆಯ ಸಾಲು ‘ಎ.ಸಿ.ಯನ್ನು 24 ಡಿಗ್ರಿಗೆ ಇಡಿ’. ಬಣ್ಣದ ನುಣುಪು ಕಾಗದವೇ ಆಗಬೇಕು ಅಂತ ಹಟ ಬೇರೆ.

ಎರಡು ದಿನ ಬಿಟ್ಟು ಬಂದವರು ಬಡವರ ನಡುವೆ ಓಡಾಡುವವರು. ಸರ್ಕಾರದ ಸವಲತ್ತಿಗೆ ಬೇಕಾಗುವ ಕಟ್ಟಡ ಕಾರ್ಮಿಕರ ಕಾರ್ಡ್ ಬಗ್ಗೆ ಐದುನೂರು ಪ್ರತಿ, ಕಪ್ಪು ಬಿಳುಪು. ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು, ಇಂಥಿಂಥ ಕಾಗದ ತರಬೇಕು. ಅಷ್ಟೇ. ಇವರಿಗೆ ಅವರ ಗುರುತಿಲ್ಲ, ಅವರಿಗೆ ಇವರದಿಲ್ಲ. ಆದರೆ ಇಬ್ಬರೂ ಹೊರಟಿದ್ದು ಒಂದೇ ಜಾಗಕ್ಕೆ. ಗೌಂಡಿಗಳು, ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ಅಡ್ಡಾಕ್ಕೆ.

ಭಾನುವಾರ ಅಂಗಡಿ ರಜೆ. ನಾನೂ ಹೋದೆ.

ಹುಡುಗರು ಬಂದಿದ್ದು ಹತ್ತೂವರೆಗೆ. ಅಷ್ಟೊತ್ತಿಗೆ ಕೆಲಸ ಸಿಕ್ಕವರೆಲ್ಲ ಹೋಗಿಯಾಗಿತ್ತು. ಅವತ್ತಿನ ಕೂಲಿ ತಪ್ಪಿಸಿಕೊಂಡವರು ಮಾತ್ರ ಗೋಡೆಯ ಗೇಣು ನೆರಳಿನಲ್ಲಿ ಕೂತಿದ್ದರು. ಒಬ್ಬ ಹಿರಿಯ ಗೌಂಡಿ ಆ ಕೊನೆಯ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ಕೇಳಿದರು: ‘ತಮ್ಮಾ, ನಮ್ಮ ತಗಡಿನ ಮನ್ಯಾಗ ರಾತ್ರಿ ಹನ್ನೆರಡಕ್ಕೂ ಮೈ ಸುಡ್ತದ. ಲೈಟ್ ಬಿಲ್ ಜೀರೋ ಬರ್ತದ. ಇದು ಯಾರ ಮನಿಗಿ ಬರ್ದೀರಿ?’ ಹುಡುಗನ ಮುಖ ಸಪ್ಪಗಾಯಿತು. ನನಗೂ ನಾಚಿಕೆ. ಪ್ರಿಂಟ್ ಹಾಕಿದ್ದು ನಾನೇ ಅಲ್ವಾ?

ಕಾರ್ಡಿನ ಕಾಗದವನ್ನು ಜನ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟರು. ಹೆಂಗಸರು ಸೆರಗಿಗೆ ಗಂಟು ಹಾಕಿಕೊಂಡರು. ಹಿಮಕರಡಿ ನೆಲದಲ್ಲಿ ಬಿತ್ತು. ನುಣುಪು ಕಾಗದ ರೊಟ್ಟಿ ಕಟ್ಟಲಿಕ್ಕೂ ಬರುವುದಿಲ್ಲ.

ಹುಡುಗರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ತಮ್ಮ ತಮ್ಮ ಖರ್ಚಿನ ದುಡ್ಡು ಸೇರಿಸಿ ಬಂದ ಮಕ್ಕಳು ಅವರು. ಹೇಳಿದ್ದೂ ಸುಳ್ಳಲ್ಲ. ಆದರೆ ನಮ್ಮ ಕಡೆ ಬಿಸಿಲು ಬೇರೆ, ಬಡತನ ಬೇರೆ ಅಂತ ಎರಡು ಕರಪತ್ರ ಮಾಡಲು ಆಗುವುದಿಲ್ಲ. ಇದು ನನಗೆ ಮನೆಯಲ್ಲೇ ಗೊತ್ತಾಗಿದ್ದು.

ನನ್ನ ತಮ್ಮ ಪೇಂಟರ್. ಎರಡು ವರ್ಷದ ಹಿಂದೆ, ಮೇ ತಿಂಗಳು. ಮಧ್ಯಾಹ್ನ ಎರಡು ಗಂಟೆಗೆ ಒಂದು ಮನೆಯ ಮಾಳಿಗೆ ಮೇಲೆ ನೀರಿನ ಟಾಕಿಗೆ ಬಣ್ಣ ಹಚ್ಚುತ್ತಿದ್ದ. ಮಾತು ತೊದಲತೊಡಗಿತು. ಕಾಲು ಎಡವಿದವು. ಜೊತೆಯವರು ‘ಬೆಳಿಗ್ಗೆನೇ ಕುಡ್ದು ಬಂದಾನ’ ಅಂದುಕೊಂಡು ಅಲ್ಲೇ ಮೂಲೆಗೆ ಮಲಗಿಸಿ ಕೆಲಸಕ್ಕೆ ಹೋದರು. ಅವನು ಜನ್ಮದಲ್ಲಿ ಕುಡಿದವನಲ್ಲ. ಇಟ್ಟಂಗಿ ಹೊರುವ ಒಬ್ಬ ಮುದುಕಿ ಮೈ ಮುಟ್ಟಿ ನೋಡಿ, ಕಾದ ಹೆಂಚಿನಂತೆ ಇದೆ ಅಂತ ಕೂಗಿ ಎರಡು ಕೊಡ ನೀರು ಸುರಿದಳು. ಅವಳಿಂದಲೇ ಉಳಿದ. ನಾಲ್ಕು ದಿನ ಆಸ್ಪತ್ರೆ. ಗುತ್ತಿಗೆದಾರ ಆ ದಿನದ ಅರ್ಧ ಪಗಾರ ಹಿಡಿದುಕೊಂಡ. ನಾನು ನಮ್ಮ ಸಂಘದಲ್ಲಿ ಆರು ಸಾವಿರ ಸಾಲ ಎತ್ತಿದೆ. ತೀರಿಸಲು ಮುಂದಿನ ದೀಪಾವಳಿ ಆಯಿತು.

ಅಡ್ಡಾದಿಂದ ಬಂದ ಮರುದಿನ ಎರಡೂ ಗುಂಪಿನವರನ್ನು ಅಂಗಡಿಗೆ ಕರೆದೆ. ಒಂದೇ ಹಾಳೆ ಮಾಡೋಣ ಅಂದೆ. ಜಗಳವೇ ಆಯಿತು. ಹವಾಮಾನ ಅನ್ನುವ ಮಾತೇ ಬೇಡ, ಜಾಗ ದಂಡ ಅಂತ ಕಾರ್ಡಿನವರು. ಅದು ಇಲ್ಲದಿದ್ದರೆ ನಾವ್ಯಾಕೆ ಬರಬೇಕು ಅಂತ ಹುಡುಗರು. ಮೂರು ಸಲ ಚಹಾ ತರಿಸಿದ ಮೇಲೆ ಹಾಳೆ ಸಿದ್ಧವಾಯಿತು. ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಉರ್ದು. ಅಕ್ಷರ ದಪ್ಪ. ಮೊದಲ ಸಾಲು ಹೀಗಿತ್ತು: ‘ಬಿಸಿಲಾಗ ಮಾತು ತೊದಲಿದ್ರ ಕುಡ್ದಾನಂತ ತಿಳಿಬ್ಯಾಡ್ರಿ. ನೆರಳಿಗಿ ತರ್ರಿ, ಮೈಗಿ ನೀರು ಹಾಕ್ರಿ, 108ಕ್ಕ ಫೋನ್ ಮಾಡ್ರಿ.’ ಆಮೇಲೆ ಮನೆಯಲ್ಲೇ ಓಆರ್‌ಎಸ್ ಮಾಡುವುದು: ಒಂದು ಲೀಟರ್ ಶುದ್ಧ ನೀರು, ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಸಮತಟ್ಟಾಗಿರಲಿ. ಆಮೇಲೆ ಕಾರ್ಡಿನ ವಿಷಯ. ಹುಡುಗರ ಪಾಲಿಗೆ ಉಳಿದದ್ದು ಒಂದು ಸಾಲು: ಬಿಸಿಲು ಹೆಚ್ಚುತ್ತಿರುವುದಕ್ಕೆ ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆ ಕಾರಣ, ಅದರಲ್ಲಿ ನಿಮ್ಮ ಪಾಲು ಬಹಳ ಕಡಿಮೆ. ಆ ಹಿರಿಯ ಗೌಂಡಿಗೆ ಇಡೀ ಹಾಳೆಯಲ್ಲಿ ಹಿಡಿಸಿದ್ದು ಇದೇ ಸಾಲು!

ಈ ಸಲ ಬೆಳಗ್ಗೆ ಆರಕ್ಕೆ ಹೋದೆವು. ಓದಲು ಬಾರದ ತಾಂಡಾದ ಹೆಂಗಸರಿಗೆ ಗುಂಪಿನ ಒಬ್ಬ ಹುಡುಗಿ ಲಂಬಾಣಿಯಲ್ಲೇ ಹೇಳಿದಳು. ಅವಳ ಸುತ್ತ ಸೇರಿದಷ್ಟು ಜನ ನಮ್ಮ ಸುತ್ತ ಸೇರಲಿಲ್ಲ.

ಎಲ್ಲ ಸುಸೂತ್ರ ಆಯಿತು ಅಂತ ಹೇಳಲಾರೆ. ಆ ಹಾಳೆ ಹಿಡಿದುಕೊಂಡು ನಲವತ್ತಕ್ಕೂ ಜಾಸ್ತಿ ಜನ ಕಾರ್ಡಿಗಾಗಿ ನನ್ನ ಅಂಗಡಿಗೆ ಬಂದರು. ಅರ್ಧದಷ್ಟು ಜನರ ಅರ್ಜಿ 90 ದಿನದ ದಾಖಲೆಯಲ್ಲೇ ನಿಂತಿತು. ದಿನಕ್ಕೊಬ್ಬ ಮಾಲೀಕನ ಕೆಳಗೆ ದುಡಿದವರಿಗೆ ಸಹಿ ಹಾಕಿ ಕೊಡುವವರು ಯಾರು? ಸ್ವಯಂಸೇವಕರು ಕರಪತ್ರ ಕೊಟ್ಟು ಫೋಟೊ ತೆಗೆದುಕೊಂಡು ಹೋದರೆ ಸಾಲದು. ಈ ಸಹಿಗಾಗಿ ಅವರ ಜೊತೆ ನಾಲ್ಕು ಕಡೆ ಅಲೆಯಬೇಕು. ಜೂನ್ 5ರ ಪರಿಸರ ದಿನ ಸಸಿ ನೆಡುವುದಕ್ಕಿಂತ ಇದು ಬೇಜಾರಿನ ಕೆಲಸ, ಒಪ್ಪುತ್ತೇನೆ.

ಇನ್ನೊಂದು ಮಾತು. ಏಪ್ರಿಲ್, ಮೇ ಬಂದರೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಫ್ಯಾನಿನ ಕೆಳಗೆ ಕೂತವರಿಗೆ ಇದು ಬೇಕು, ತಪ್ಪೇನಿಲ್ಲ. ಹಳ್ಳಿಯ ನರೇಗಾ ಕೂಲಿಯವರಿಗೂ ಬೇಸಿಗೆಯಲ್ಲಿ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಊರೊಳಗೆ ಮಾಳಿಗೆ ಮೇಲೆ ನಿಂತು ಸ್ಲ್ಯಾಬ್ ಹಾಕುವವರಿಗೆ ಏನಿದೆ? ಅಹಮದಾಬಾದ್‌ನಲ್ಲಿ 2010ರ ಬಿಸಿಲಿಗೆ ಜನ ಸತ್ತ ಮೇಲೆ 2013ರಲ್ಲೇ ಪಾಲಿಕೆ ಬಿಸಿಲಿಗಾಗಿಯೇ ಒಂದು ಯೋಜನೆ ಮಾಡಿತು. ನಾನು ಅಷ್ಟು ದೊಡ್ಡದು ಕೇಳುತ್ತಿಲ್ಲ. ಅಡ್ಡಾದಲ್ಲಿ ಒಂದು ನೆರಳು, ಒಂದು ಅರವಟಿಗೆ. ಮನೆ ಕಟ್ಟಿಸುವವರು ಆ ಎರಡು ತಿಂಗಳು ಬೆಳಗ್ಗೆ ಆರಕ್ಕೆ ಕೆಲಸ ಶುರು ಮಾಡಿಸಿ ಹನ್ನೊಂದಕ್ಕೆ ನಿಲ್ಲಿಸಲಿ, ಉಳಿದದ್ದು ಸಂಜೆ ನಾಲ್ಕರ ಮೇಲೆ ಮಾಡಿಸಲಿ. ಪಗಾರ ಮಾತ್ರ ಹಿಡಿಯಬಾರದು.

ಯುಗಾದಿ ಕಳೆದ ಮೇಲೆ ಮತ್ತೆ ಹೊರಡುತ್ತೇವೆ. ಬೇರೆ ಗುಂಪಿನವರು ಇದೇ ಹಾಳೆ ಬೇಕೆಂದರೆ ಕಾಗದದ ಖರ್ಚಿಗೆ ಹಾಕಿಕೊಡುತ್ತೇನೆ. ಅಡ್ಡಾಕ್ಕೆ ಆರು ಗಂಟೆಗೆ ಚಹಾದ ಬಂಡಿ ಬರುತ್ತದೆ. ನಾವು ಅದರ ಪಕ್ಕದಲ್ಲೇ ನಿಂತಿರುತ್ತೇವೆ.

– ಜೆರಾಕ್ಸ್ ಅಂಗಡಿಯ ಅಕ್ಕ, ಕಲಬುರಗಿ